ಗೆಮ್ನಿಟ್ಸಿನ ಬಾಯಿ

ಥೆಕ್ಲಾ ಬಾಯಿ ತೆರೆದಳು. ಮಾತು ಬರಲಿಲ್ಲ.

ಅಂಗಡಿಯ ಕೌಂಟರಿನ ಹಿಂದೆ ನಿಂತು, ಒಂದೇ ಒಂದು ಎಡಗೈ ಗವಸನ್ನು ಗಿರಾಕಿಯ ಮುಂದೆ ಹಿಡಿದುಕೊಂಡು, ಅವಳು ತುಟಿ ಆಡಿಸುತ್ತಲೇ ಇದ್ದಳು. ನಗು ಬರಬೇಕಾದ ಕಡೆ ನಗು ಬಂತು, ಹುಬ್ಬು ಏರಬೇಕಾದ ಕಡೆ ಏರಿತು. ಆದರೆ ಸುತ್ತ ಉಸಿರು ಬಿಗಿಹಿಡಿದು ನಿಂತಿದ್ದ ಮೂವತ್ತು ಜನರಲ್ಲಿ ಒಬ್ಬರೂ ಅವಳ ಮುಖ ನೋಡುತ್ತಿರಲಿಲ್ಲ. ಎಲ್ಲರ ಕಣ್ಣೂ ಅವಳ ಬೆನ್ನ ಹಿಂದಿನ ಬೂದು ಪರದೆಯ ಮೇಲೆ. ಪರದೆಯ ಮರೆಯಿಂದ ಎಣ್ಣೆ ಕಾಣದ ಬಾಗಿಲು ತೆರೆದಂಥ ಒಂದು ಸದ್ದು ಬಂತು. ಆಮೇಲೆ ಕೆಮ್ಮು.

"ನಿಲ್ಸಿ," ಎಂದ ನಿರ್ದೇಶಕ ರೆಲ್ಲಿನ್.

ಸದ್ದು ಹೊರಗೆ ಬರದಂತೆ ಕಂಬಳಿ ಹೊದಿಸಿದ ಪೆಟ್ಟಿಗೆಯೊಳಗೆ ಕ್ಯಾಮೆರಾ ಜೊತೆ ಕೂತಿದ್ದವನು ಬೆವರು ಒರೆಸಿಕೊಳ್ಳುತ್ತ ಹೊರಗೆ ಬಂದ. ಮೇಲೆ ಗೋಡೆಗೆ ಅಂಟಿಕೊಂಡಂತಿದ್ದ ಗಾಜಿನ ಗೂಡಿನಲ್ಲಿ ಕೂತು ಶಬ್ದ ಹಿಡಿಯುವವನು ಫ್ರೊಮ್ಮೆ. ಅವನು ಧ್ವನಿವರ್ಧಕದಲ್ಲಿ ಕೇಳಿದ: "ಏನ್ರೀ ಅದು, ಪರದೆ ಹಿಂದೆ ಬಾತುಕೋಳಿ ಕುಯ್ತಾ ಇದೀರಾ?"

ಪರದೆ ಸರಿಸಿಕೊಂಡು ಒಟಿಲಿ ಬ್ರಾಂಡ್ ಹೊರಗೆ ಬಂದಳು. ಐವತ್ತರ ಹತ್ತಿರದ ಹೆಂಗಸು, ಕತ್ತಿಗೆ ಕೆಂಪು ಉಣ್ಣೆಬಟ್ಟೆ ಸುತ್ತಿಕೊಂಡಿದ್ದಳು. ಏನೋ ಹೇಳಲು ಹೋದಳು. ಬರೀ ಗಾಳಿ ಬಂತು. ಕೊನೆಗೆ ಆ ದಿನದ ಕೆಲಸದ ಪಟ್ಟಿಯನ್ನು ತಿರುಗಿಸಿ, ಪೆನ್ಸಿಲಿನಲ್ಲಿ ಬರೆದು ರೆಲ್ಲಿನ್ ಮುಂದೆ ಹಿಡಿದಳು: 'ದನಿ ಹೋಯಿತು. ಮೂರು ದಿನ ಬೇಕು.'

"ಮೂರು ದಿನ," ಎಂದ ರೆಲ್ಲಿನ್. "ನಾಳೆ ಬೆಳಿಗ್ಗೆ ಈ ಅಂಗಡಿ ಕಿತ್ತು ಇಲ್ಲೇ ರೈಲ್ವೆ ಸ್ಟೇಷನ್ ಕಟ್ತಾರೆ. ಮೂರು ದಿನ ಬಿಟ್ಟು ಬಂದ್ರೆ ನೀವು ಪ್ಲಾಟ್‌ಫಾರ್ಮ್ ಮೇಲೆ ನಿಂತು ಗವಸು ಮಾರ್ಬೇಕಾಗುತ್ತೆ, ಫ್ರೌ ಬ್ರಾಂಡ್."

ಬರ್ಲಿನ್ನಿನ ಹೊರವಲಯದ ಆ ಸ್ಟುಡಿಯೋದಲ್ಲಿ ತಯಾರಾಗುತ್ತಿದ್ದದ್ದು ಒಂದು ಪ್ರೇಮದ ಹಾಸ್ಯಚಿತ್ರ. ಸಿನಿಮಾಕ್ಕೆ ಮಾತು ಬಂದು ಎರಡು ವರ್ಷವಾಗಿತ್ತು. ಗವಸಿನ ಅಂಗಡಿಯ ಹುಡುಗಿ ಲೀಸೆಲ್. ದಿನಾ ಬಂದು ಎಡಗೈಯ ಗವಸು ಒಂದನ್ನೇ ಕೊಡಿ ಎಂದು ಹಟ ಹಿಡಿಯುವ ಒಬ್ಬ ಯುವಕ. ಎರಡು ಹಾಡು, ಒಂದು ಮುನಿಸು, ಕೊನೆಗೆ ಮದುವೆ. ಲೀಸೆಲ್ ಆಗಿ ಕಣ್ಣಿಗೆ ಕಾಣುವವಳು ಥೆಕ್ಲಾ, ಕಿವಿಗೆ ಕೇಳುವವಳು ಒಟಿಲಿ. ಥೆಕ್ಲಾಳಿಗೆ ಇಪ್ಪತ್ತೆಂಟು. ಒಂಬತ್ತು ವರ್ಷ ಮೂಕಿ ಚಿತ್ರಗಳಲ್ಲಿ ಅತ್ತು, ನಕ್ಕು, ಎರಡು ಸಲ ಸತ್ತು ಹೆಸರು ಮಾಡಿದವಳು. ಆಗ ಕ್ಯಾಮೆರಾದ ಮುಂದೆ ಏನು ಮಾತಾಡಿದರೂ ನಡೆಯುತ್ತಿತ್ತು. ಒಂದು ಸಾವಿನ ದೃಶ್ಯದಲ್ಲಿ ನಾಯಕನ ತೋಳಲ್ಲಿ ಮಲಗಿಕೊಂಡು, ಆಲೂಗೆಡ್ಡೆ ಕಡುಬಿಗೆ ಈರುಳ್ಳಿ ಎಷ್ಟು ಹಾಕಬೇಕೆಂದು ಹೇಳಿದ್ದಳು. ಜನ ಕರವಸ್ತ್ರ ತೆಗೆದು ಅತ್ತರು. ಒಂದು ಕಿವುಡರ ಶಾಲೆಯ ಮೇಷ್ಟರು ಮಾತ್ರ ಕಾಗದ ಬರೆದು, ಅಷ್ಟು ಈರುಳ್ಳಿ ಹೆಚ್ಚಾಯಿತು ಎಂದು ತಿಳಿಸಿದ್ದರು.

ವಸಂತದಲ್ಲಿ ಅವಳ ದನಿಯ ಪರೀಕ್ಷೆಯಾಯಿತು. ಕತ್ತಲ ಕೋಣೆಯಲ್ಲಿ ಎಂಟು ಜನ ಕೂತು ಕೇಳಿದರು. ಮೊದಲ ವಾಕ್ಯ ಮುಗಿಯುವ ಮೊದಲೇ ಯಾರೋ ಕಿಸಕ್ಕೆಂದರು, ಆಮೇಲೆ ಎಲ್ಲರೂ. ಅವಳು ಸ್ಯಾಕ್ಸನಿಯ ಕಡೆಯವಳು, ಕೆಮ್ನಿಟ್ಸ್ ಊರಿನವಳು. ಆ ಸೀಮೆಯ ಬಾಯಿಗೆ ಕಕಾರ, ತಕಾರ, ಪಕಾರ ದಕ್ಕುವುದಿಲ್ಲ. ಎಲ್ಲ ಮೆತ್ತಗಾಗಿ ಗ, ದ, ಬ ಆಗಿ ಉದುರುತ್ತವೆ. ಸ್ವಂತ ಊರಿನ ಹೆಸರನ್ನೇ ಅವರು ಗೆಮ್ನಿಟ್ಸ್ ಎನ್ನುತ್ತಾರೆ, ಮೇಯರೂ, ಪಾದ್ರಿಯೂ. ಬರ್ಲಿನ್ನಿನವರಿಗೆ ಆ ಮಾತು ಕಿವಿಗೆ ಬಿದ್ದರೆ ಸಾಕು, ಯಾರೋ ಕಚಗುಳಿ ಇಟ್ಟ ಹಾಗೆ. "ದನಿ ಒಳ್ಳೇದಿದೆ, ಊರು ಸರಿಯಿಲ್ಲ," ಎಂದು ತೀರ್ಪು ಕೊಟ್ಟಿದ್ದ ಕಂಪನಿಯ ಒಡೆಯ ಕೋಬಿಸ್. ಹಾಗಾಗಿ ಒಟಿಲಿಯನ್ನು ಕರೆಸಿದರು. ಹತ್ತೊಂಬತ್ತು ವರ್ಷ ನಾಟಕದ ರಂಗದ ಕೆಳಗಿನ ಗುಂಡಿಯಲ್ಲಿ ಕೂತು ನಟರಿಗೆ ಮರೆತ ಮಾತು ಪಿಸುಗುಟ್ಟಿದವಳು ಅವಳು. ನಡುವಯಸ್ಸಿನ ದೇಹದೊಳಗೆ ಇಪ್ಪತ್ತರ ಹುಡುಗಿಯ ದನಿ ಇಟ್ಟುಕೊಂಡಿದ್ದಳು.

ಥೆಕ್ಲಾಳ ಮಾತನ್ನು ಅವಳ ಬಾಯಿಂದ ಬಂದ ಹಾಗೇ ಇಲ್ಲಿ ಬರೆಯುತ್ತ ಹೋಗಬಹುದು. ಆದರೆ ಎರಡು ಸಾಲು ಮುಗಿಯುವಷ್ಟರಲ್ಲಿ ಓದುವವರ ತುಟಿಯೂ ಅರಳುತ್ತದೆ. ಅದಕ್ಕೇ ಅವಳ ಮಾತು ಇಲ್ಲಿ ನೆಟ್ಟಗಿನ ಅಕ್ಷರದಲ್ಲಿದೆ. ಅದು ಹಾಗೆ ಕೇಳಿಸುತ್ತಿರಲಿಲ್ಲ ಎಂಬುದು ನೆನಪಿದ್ದರೆ ಸಾಕು.

"ನಾನು ಮಾತಾಡ್ತೀನಿ," ಎಂದಳು ಥೆಕ್ಲಾ.

ರೆಲ್ಲಿನ್ ಅವಳ ಕಡೆ ತಿರುಗಿದ. ಅವಳು ಕೌಂಟರಿನ ಹಿಂದಿನಿಂದ ಕದಲಿರಲಿಲ್ಲ.

"ಒಂಬತ್ತು ವಾರದಿಂದ ಫ್ರೌ ಬ್ರಾಂಡ್ ನಂಗೆ ಕಲಿಸ್ತಾ ಇದಾರೆ. ಕೇಳಿ ಬೇಕಾದ್ರೆ."

ಒಟಿಲಿ ತಲೆಯಾಡಿಸಿದಳು. ಅದು ನಿಜ. ದಿನಾ ಮಧ್ಯಾಹ್ನ ಊಟದ ಹೊತ್ತಿನಲ್ಲಿ, ಬಣ್ಣದ ಕೋಣೆಯ ಕದ ಹಾಕಿಕೊಂಡು, ಒಟಿಲಿ ಅವಳ ತುಟಿಯ ಮುಂದೆ ಸಿಗರೇಟ್ ಸುತ್ತುವ ತೆಳು ಕಾಗದ ಹಿಡಿಯುತ್ತಿದ್ದಳು. ಕಕಾರವನ್ನೋ ಪಕಾರವನ್ನೋ ಸರಿಯಾಗಿ ಅಂದರೆ ಉಸಿರು ಬಡಿದು ಕಾಗದ ಹಾರಬೇಕು. ಥೆಕ್ಲಾಳ ಕಾಗದ ನೇಣಿಗೆ ಹಾಕಿದ ಹಾಗೆ ಸುಮ್ಮನೆ ತೂಗುತ್ತಿತ್ತು. "ಮೇಣದಬತ್ತಿ ಆರಿಸ್ತೀನಿ ಅಂತ ಅಂದ್ಕೊಳ್ಳಿ," ಎನ್ನುತ್ತಿದ್ದಳು ಒಟಿಲಿ. "ನಮ್ಮೂರಲ್ಲಿ ಮೇಣದಬತ್ತೀನ ಬೆರಳಲ್ಲಿ ಒತ್ತಿ ಆರಿಸ್ತಾರೆ, ಫ್ರೌ ಬ್ರಾಂಡ್," ಎನ್ನುತ್ತಿದ್ದಳು ಥೆಕ್ಲಾ. ಹಿಂದಿನ ಮಧ್ಯಾಹ್ನ, ಒಟಿಲಿಯ ಗಂಟಲು ಕಟ್ಟುವ ಮುಂಚೆ, ಇಪ್ಪತ್ತು ಸಲದಲ್ಲಿ ಹನ್ನೊಂದು ಸಲ ಕಾಗದ ಹಾರಿತ್ತು. ಆ ಧೈರ್ಯದ ಮೇಲೇ ಥೆಕ್ಲಾ ಈಗ ನಿಂತಿದ್ದಳು. ಈ ಒಂದು ದೃಶ್ಯ ತನ್ನ ಬಾಯಲ್ಲಿ ನಿಂತರೆ, ಪರದೆಯ ಹಿಂದೆ ಇನ್ನು ಯಾರೂ ಇರಬೇಕಿಲ್ಲ. ನಿಲ್ಲದಿದ್ದರೆ, ಬದುಕಿರುವವರೆಗೂ ಇನ್ನೊಬ್ಬರ ದನಿಗೆ ತುಟಿ ಆಡಿಸಿಕೊಂಡಿರಬೇಕು.

ರೆಲ್ಲಿನ್ ಮೇಲಿನ ಮಹಡಿಗೆ ಟೆಲಿಫೋನ್ ಮಾಡಿದ. ಕೋಬಿಸ್ ಕೆಳಗಿಳಿದು ಬಂದ. ಎತ್ತರದ ಮನುಷ್ಯ, ಬೂಟುಗಳಿಗೆ ಬಿಳಿ ಹೊದಿಕೆ, ಮಾತು ಸುತ್ತಿಗೆಯಲ್ಲಿ ಮೊಳೆ ಹೊಡೆದ ಹಾಗೆ ಖಡಾಖಡಿ. ಎಲ್ಲ ಕೇಳಿಸಿಕೊಂಡು, "ಒಂದು ಸಲ ನೋಡೋಣ," ಎಂದ. "ಫಿಲ್ಮ್ ಸುರುಳಿ ಹಾಳಾದ್ರೆ ಹಾಳಾಯ್ತು. ಫ್ರಾಯ್ಲೈನ್ ಥೆಕ್ಲಾ, ನಿಮಗೆ ಶುಭವಾಗ್ಲಿ."

ಕೆಂಪು ದೀಪ ಹತ್ತಿತು. ಕೌಂಟರಿನ ಮೇಲಿನ ಹೂದಾನಿಯಲ್ಲಿ ಮೈಕ್ ಅಡಗಿಸಿ ಇಟ್ಟಿದ್ದರು. ದೃಶ್ಯ ಸಣ್ಣದು. ಅಂಗಡಿಯ ಮೇಲ್ವಿಚಾರಕ ಬಂದು, ಆಗಷ್ಟೇ ಹೊರಗೆ ಹೋದ ಯುವಕನ ಬಗ್ಗೆ 'ಯಾರಮ್ಮ ಆ ಮನುಷ್ಯ?' ಎಂದು ಕೇಳುತ್ತಾನೆ. ಲೀಸೆಲ್ ಹೇಳಬೇಕು: 'ಯಾರೋ ಏನೋ ಸರ್. ಕಿಟಕೀಲಿ ನನ್ನ ಕಂಡ, ಒಳಗೆ ಬಂದ.'

ಮೇಲ್ವಿಚಾರಕನ ಪಾತ್ರದ ಮುದುಕ ನಾಟಕದ ಪಳಗಿದ ಹಾಸ್ಯಗಾರ. ಮೀಸೆ ತಿರುವಿಕೊಂಡು ಕೇಳಿದ. ಥೆಕ್ಲಾ ಕಣ್ಣಿಗೆ ಕಾಣದ ಕಾಗದವೊಂದನ್ನು ತುಟಿಯ ಮುಂದೆ ನೆನೆಸಿಕೊಂಡಳು. 'ಕಿಟಕಿ' ಎಂಬ ಪದದ ಭಯವೇ ಅವಳಿಗೆ ದೊಡ್ಡದಾಗಿತ್ತು. ಒಂದೇ ಪದದಲ್ಲಿ ಮೂರು ಗಟ್ಟಿ ಅಕ್ಷರ. ಇದ್ದ ಉಸಿರನ್ನೆಲ್ಲ ಅದಕ್ಕೇ ಸುರಿದಳು. ಮೂರೂ ಸರಿಯಾಗಿ ಬಂದವು. ಗೆದ್ದೆ ಅಂದುಕೊಂಡಳು. ಆದರೆ ಎದೆಯಲ್ಲಿ ಗಾಳಿ ಉಳಿದಿರಲಿಲ್ಲ. ಮುಂದಿನ ಕಕಾರ ಹಳೆಯ ಹಾದಿ ಹಿಡಿದು ಮೆತ್ತಗೆ ಜಾರಿತು, ನಡುವೆ ನಿಲ್ಲಬೇಕಾದ ಕಡೆ ನಿಲ್ಲಲೂ ಆಗಲಿಲ್ಲ:

"ಯಾರೋ ಏನೋ ಸರ್. ಕಿಟಕೀಲಿ ನನ್ನ ಗಂಡ ಒಳಗೆ ಬಂದ."

ಮುದುಕ ಹಾಸ್ಯಗಾರ ಕಣ್ಣು ಮಿಟುಕಿಸದೆ ಹೇಳಿದ: "ಬಾಗ್ಲು ತೆಗೆದೇ ಇತ್ತಲ್ಲಮ್ಮ."

ಇಡೀ ಸ್ಟುಡಿಯೋ ನಗುವಿನಲ್ಲಿ ಒಡೆದು ಹೋಯಿತು. ಮರಗೆಲಸದವರು ಒಬ್ಬರ ಬೆನ್ನು ಒಬ್ಬರು ಗುದ್ದಿಕೊಂಡು ನಕ್ಕರು. ಕ್ಯಾಮೆರಾದ ಪೆಟ್ಟಿಗೆ ಒಳಗಿನಿಂದಲೇ ಅಲ್ಲಾಡಿತು. ಥೆಕ್ಲಾಳಿಗೂ ನಗು ಬಂತು, ನಿಜಕ್ಕೂ ಬಂತು. ಕೈಯಲ್ಲಿದ್ದ ಗವಸಿನಿಂದ ಬಾಯಿ ಮುಚ್ಚಿಕೊಂಡು ನಕ್ಕಳು.

"ಕ್ಷಮಿಸಿ, ಕ್ಷಮಿಸಿ. ಇನ್ನೊಂದ್ಸಲ ಮಾಡ್ತೀನಿ. ಈಗ ಗೊತ್ತಾಯ್ತು ಎಲ್ಲಿ ತಪ್ಪಿದ್ದು ಅಂತ."

"ಅದನ್ನ ಮುಟ್ಬೇಡಿ," ಎಂದ ಕೋಬಿಸ್. ಅವನು ಮಾತ್ರ ನಗುತ್ತಿರಲಿಲ್ಲ; ಕಣ್ಣು ಕಿರಿದು ಮಾಡಿಕೊಂಡು ಯೋಚಿಸುತ್ತಿದ್ದ. "ರೆಲ್ಲಿನ್, ಯೋಚ್ನೆ ಮಾಡಿ. ಮೇಲ್ವಿಚಾರಕ ನಂಬ್ತಾನೆ. ಊರಿಗೆಲ್ಲ ಹೇಳ್ತಾನೆ. ಇವಳಿಗೆ ಮದ್ವೆ ಆಗಿದೆ, ಗಂಡ ಕಿಟಕೀಲಿ ಬರ್ತಾನೆ ಅಂತ. ಇಡೀ ಗೋಜಲು ಅಲ್ಲಿಂದ ಶುರು."

"ಈಗಿರೋ ಕಥೆಗಿಂತ ವಾಸಿ," ಎಂದ ರೆಲ್ಲಿನ್.

ಥೆಕ್ಲಾ ಗವಸನ್ನು ಕೌಂಟರಿನ ಮೇಲಿಟ್ಟಳು. ಅವರು ತನ್ನ ಮುಂದೆಯೇ ತನ್ನ ಬಗ್ಗೆ ಮಾತಾಡುತ್ತಿದ್ದರು, ಅಂಗಡಿಯಲ್ಲಿ ಬಟ್ಟೆ ಮುಟ್ಟಿ ನೋಡುವವರ ಹಾಗೆ.

"ಹೆರ್ ಕೋಬಿಸ್, ಬೀಳ್ಕೊಡೋ ದೃಶ್ಯನೂ ಈ ಅಂಗಡೀಲೇ ಬರುತ್ತೆ. ಅದನ್ನೂ ಇವತ್ತೇ ಮಾಡೋಣ. ಅದನ್ನೂ ಕೇಳಿ, ಆಮೇಲೆ ಏನು ಅಂತ ಹೇಳಿ."

"ಯಾಕೆ?"

"ಅದ್ರಲ್ಲಿ ತಮಾಷೆ ಇಲ್ಲ."

ಕೋಬಿಸ್ ಗಡಿಯಾರ ನೋಡಿಕೊಂಡ. ಆಗಲಿ ಎಂದು ಕೈ ಮಾಡಿದ.

ಯುವಕನ ಪಾತ್ರದ ಎಗೋನ್ ಹಾರ್ಡರ್ ಕೌಂಟರಿನ ಎದುರಿಗೆ ಬಂದು ನಿಂತು, ಟೈ ಸರಿಮಾಡಿಕೊಂಡ. "ನಂಗೆ ನಗು ಬಂದ್ರೆ ಬೈಬೇಡಿ," ಎಂದು ಪಿಸುಗುಟ್ಟಿದ. "ನನ್ನ ಬೆನ್ನು ಮಾತ್ರ ಕ್ಯಾಮೆರಾಗೆ ಕಾಣ್ಸುತ್ತೆ, ಬಿಡಿ." ಯುವಕನಿಗೆ ಬೇರೆ ಹುಡುಗಿಯ ಜೊತೆ ನಿಶ್ಚಯವಾಗಿದೆ ಎಂದು ಲೀಸೆಲ್ ತಪ್ಪು ತಿಳಿದುಕೊಂಡಿರುವ ದೃಶ್ಯ. ಅವಳು ಏಪ್ರನ್ ಬಿಚ್ಚಿಟ್ಟು, ಅವನ ಮುಖ ನೋಡದೆ, ಮೂರು ಮಾತು ಹೇಳಬೇಕು: 'ನಾಳೆಯಿಂದ ಬರಬೇಡಿ. ಗವಸನ್ನ ಜೋಡಿಯಾಗೇ ಮಾರೋದು. ನಂಗೆ ಮೊದಲೇ ಗೊತ್ತಾಗಬೇಕಿತ್ತು.'

ಮೂಕಿ ದಿನಗಳಲ್ಲಿ ಇಂಥ ದೃಶ್ಯಕ್ಕೆ ಪಕ್ಕದಲ್ಲಿ ಒಬ್ಬ ಪಿಟೀಲು ಬಾರಿಸುತ್ತಿದ್ದ, ಅಳು ಬರಲಿ ಎಂದು. ಈಗ ಅವನನ್ನು ಬಾಗಿಲು ಕಾಯಲು ಹಾಕಿದ್ದರು. ಸದ್ದಿಲ್ಲದ ಸ್ಟುಡಿಯೋದಲ್ಲಿ ಥೆಕ್ಲಾ ಏಪ್ರನ್ನಿನ ಗಂಟು ಬಿಚ್ಚಿದಳು. ಕಾಗದವನ್ನು ನೆನೆಸಿಕೊಳ್ಳಲಿಲ್ಲ. ನೆನಪಾದವಳು ಅಮ್ಮ. ಅಮ್ಮ ಊರಿನಲ್ಲಿ ಸೂಲಗಿತ್ತಿ. ಅವರ ಬೀದಿಯ ಅರ್ಧ ಜನ ಭೂಮಿಗೆ ಬಿದ್ದ ಕೂಡಲೇ ಮೊದಲು ಕೇಳಿದ್ದು ಅವಳ ದನಿಯನ್ನು. ಥೆಕ್ಲಾ ಹುಡುಗಿಯಾಗಿದ್ದಾಗ ಒಮ್ಮೆ ಬಿಸಿನೀರಿನ ಪಾತ್ರೆ ಹಿಡಿದುಕೊಂಡು ಜೊತೆಗೆ ಹೋಗಿದ್ದಳು. ಅಮ್ಮ ಕೈ ಒರೆಸಿಕೊಳ್ಳುತ್ತ ಕೋಣೆಯಿಂದ ಹೊರಗೆ ಬಂದು, ಗೋಡೆಗೊರಗಿ ನಿಂತಿದ್ದ ಗಂಡಸಿಗೆ ಹೇಳಿದ್ದಳು: ಕೂತ್ಕೋಪ್ಪ, ಮಗು ಉಳೀಲಿಲ್ಲ. ಅದೇ ಮೆತ್ತನೆಯ ಬಾಯಿ. ಆ ಗಂಡಸು ಗೋಡೆ ಹಿಡಿದುಕೊಂಡೇ ನೆಲಕ್ಕೆ ಕುಸಿದಿದ್ದ.

ಥೆಕ್ಲಾ ಮೂರೂ ಮಾತು ಹೇಳಿದಳು. ಒಂದನ್ನೂ ತಿದ್ದಲು ಹೋಗಲಿಲ್ಲ. ಹೇಳುತ್ತಿರುವಾಗಲೇ ಅವಳಿಗೆ ಗೊತ್ತಾಯಿತು, ಒಂಬತ್ತು ವರ್ಷದಲ್ಲಿ ತಾನು ಇಷ್ಟು ಚೆನ್ನಾಗಿ ಯಾವುದನ್ನೂ ಮಾಡಿರಲಿಲ್ಲ. ಕೊನೆಯ ಮಾತಿಗೆ ದನಿ ತಾನಾಗಿ ಒಡೆಯಿತು. ತಲೆಯೆತ್ತಿದಳು.

ಮೇಲೆ ಗಾಜಿನ ಗೂಡಿನಲ್ಲಿ ಫ್ರೊಮ್ಮೆಯ ಬಾಯಿ ಅಗಲವಾಗಿ ತೆರೆದಿತ್ತು. ಭುಜ ಕುಣಿಯುತ್ತಿದ್ದವು. ಒಂದು ಕೈಯಿಂದ ಹೆಡ್‌ಫೋನನ್ನು ಕಿವಿಗೆ ಒತ್ತಿಕೊಂಡು ಇನ್ನೊಂದು ಕೈಯಿಂದ ಕಣ್ಣು ಒರೆಸಿಕೊಳ್ಳುತ್ತಿದ್ದ. ದಪ್ಪ ಗಾಜು, ಚೂರೂ ಸದ್ದಿಲ್ಲ. ಸದ್ದಿಲ್ಲದ ಮುಖಗಳೇ ಒಂಬತ್ತು ವರ್ಷ ಅವಳ ಕಸುಬಾಗಿತ್ತು. ಯಾವ ಮುಖ ಏನು ಹೇಳುತ್ತಿದೆ ಎಂದು ಅವಳಿಗೆ ಯಾರೂ ಬಿಡಿಸಿ ಹೇಳಬೇಕಿರಲಿಲ್ಲ. ಸುತ್ತ ನೋಡಿದಳು. ಮರಗೆಲಸದ ಒಬ್ಬ ತೋಳನ್ನು ಕಚ್ಚಿಕೊಂಡು ನಿಂತಿದ್ದ. ಎಗೋನ್ ಹಾರ್ಡರ್ ನೆಲ ನೋಡುತ್ತಿದ್ದ, ಮೂಗಿನ ಹೊಳ್ಳೆ ಅರಳಿತ್ತು. ಪರದೆಯ ಪಕ್ಕದಲ್ಲಿ ಒಟಿಲಿ ಕೆಂಪು ಉಣ್ಣೆಬಟ್ಟೆಯನ್ನು ಬಾಯಿಗೆ ಒತ್ತಿಕೊಂಡಿದ್ದಳು.

"ಚಿನ್ನ," ಎಂದ ಕೋಬಿಸ್. "ಅಪ್ಪಟ ಚಿನ್ನ. ನಾಲ್ಕು ಗಂಟೆಗೆ ನನ್ನ ಕೋಣೆಗೆ ಬನ್ನಿ."

ಬಣ್ಣದ ಕೋಣೆಯಲ್ಲಿ ಥೆಕ್ಲಾ ಕನ್ನಡಿಯ ಮುಂದೆ ಕೂತು ಮುಖದ ಬಣ್ಣ ತೆಗೆಯುತ್ತಿದ್ದಳು. ಒಟಿಲಿ ಹಿಂದೆ ಬಂದು ನಿಂತಳು.

"ನೀವೂ ನಕ್ಕ್ರಾ, ಫ್ರೌ ಬ್ರಾಂಡ್?"

ಒಟಿಲಿ ಪೆನ್ಸಿಲ್ ತೆಗೆದಳು. ಹಾಳೆಯ ಮೇಲೆ ಬರೆದಳು: 'ಗಂಡನ ಮಾತಿಗೆ ನಕ್ಕೆ. ಆಮೇಲಿನದಕ್ಕೆ ತಡೆದುಕೊಂಡೆ.'

"ತಡ್ಕೋಬೇಕಾದ್ರೆ ನಗು ಬಂದಿರ್ಬೇಕಲ್ವಾ."

ಒಟಿಲಿ ಪಕ್ಕದ ಕುರ್ಚಿಯಲ್ಲಿ ಕೂತು, ಥೆಕ್ಲಾಳ ಕೈಯಿಂದ ಹತ್ತಿ ತೆಗೆದುಕೊಂಡು, ಅವಳ ಕಿವಿಯ ಹಿಂದೆ ಉಳಿದಿದ್ದ ಬಣ್ಣ ಒರೆಸಿದಳು. ಹೊರಗೆ ಅಂಗಳದಲ್ಲಿ ರೈಲ್ವೆ ಸ್ಟೇಷನ್ನಿನ ಹಲಗೆಗಳನ್ನು ಇಳಿಸುತ್ತಿದ್ದರು. ಸ್ವಲ್ಪ ಹೊತ್ತಾದ ಮೇಲೆ ಒಟಿಲಿ ಮತ್ತೆ ಬರೆದಳು: 'ಅವರು ಕೊಟ್ಟರೆ ತಗೊಳ್ಳಿ. ನನ್ನ ಯೋಚನೆ ಬೇಡ. ನನಗೆ ನಾಟಕದ ಗುಂಡಿ ಇದೆ.'

"ನಂಗೆ ಬೇಕಾಗಿದ್ದು ನಿಮ್ಮ ಜಾಗ ಅಲ್ಲ," ಎಂದಳು ಥೆಕ್ಲಾ. "ನನ್ನದು."

ಕೋಬಿಸನ ಕೋಣೆಯ ಮೇಜಿನ ಮೇಲೆ ಆಗಲೇ ಒಂದು ಹಾಳೆ ಇತ್ತು. ಅದರ ಮೇಲೆ ಯಾರೋ ಅವಸರದಲ್ಲಿ ಗೀಚಿದ ಪೋಸ್ಟರಿನ ಚಿತ್ರ: ಕಿಟಕಿ ಹತ್ತುತ್ತಿರುವ ಒಬ್ಬ ಗಂಡಸು, ಒಳಗೆ ಬಾಯಿ ತೆರೆದು ನಿಂತ ಥೆಕ್ಲಾ. ಪಕ್ಕದಲ್ಲಿ ಟೈಪು ಮಾಡಿದ ಕರಾರುಪತ್ರ.

"ಕೂತ್ಕೊಳ್ಳಿ. ಕಾಫಿ? ಬೇಡ್ವಾ. ನೋಡಿ, ಸುತ್ತಿ ಬಳಸಿ ಮಾತಾಡೋದು ನಂಗೆ ಬರಲ್ಲ. ವಸಂತದಲ್ಲಿ ನಾನು ಹೇಳಿದ್ದು ತಪ್ಪು. ಒಬ್ಬಳ ಮುಖ, ಇನ್ನೊಬ್ಬಳ ದನಿ, ಆ ಆಟ ಇವತ್ತಿಗೆ ಮುಗೀತು. ಇನ್ಮೇಲೆ ನಿಮ್ಮ ಬಾಯಿ, ನಿಮ್ಮ ಮಾತು. ಎರಡು ವರ್ಷದಲ್ಲಿ ನಾಲ್ಕು ಚಿತ್ರ. ಒಂದ್ರಲ್ಲಿ ಅಂಗಡಿ ಹುಡುಗಿ, ಒಂದ್ರಲ್ಲಿ ಅಡುಗೆಯವಳು, ಒಂದ್ರಲ್ಲಿ ದಾರಿ ತಪ್ಪಿ ರಾಜಕುಮಾರನ ಮನೆಗೆ ಬರೋ ಸ್ಯಾಕ್ಸನಿ ಚಿಕ್ಕಮ್ಮ. ಜನ ಬೆಳಿಗ್ಗೆ ಪೇಪರ್ ನೋಡಿದ್ರೆ ಕೆಲಸ ಇಲ್ಲ, ಬ್ಯಾಂಕ್ ಬಾಗ್ಲು ಹಾಕಿದೆ, ಬೀದೀಲಿ ಹೊಡೆದಾಟ. ಸಂಜೆ ನಿಮ್ಮ ಹತ್ರ ಬರ್ತಾರೆ."

"ಬೀಳ್ಕೊಡೋ ದೃಶ್ಯ ಇರುತ್ತಾ?"

"ಇರುತ್ತೆ. ಇವತ್ತು ಮಾಡಿದ್ದೇ. ಅಳ್ತಾ ಅಳ್ತಾ ನಗ್ತಾರೆ ಜನ."

"ಅಲ್ಲಿ ಯಾರೂ ಅಳ್ಲಿಲ್ಲ."

"ಅಳ್ತಾರೆ, ಮಗೂ. ನಕ್ಕಾದ್ಮೇಲೆ."

"ನಮ್ಮಮ್ಮ ಸೂಲಗಿತ್ತಿ, ಹೆರ್ ಕೋಬಿಸ್. ಹೆತ್ತೋರಿಗೆ ಮಗು ಸತ್ತಿದೆ ಅಂತ ಹೇಳೋದೂ ಅವಳ ಕೆಲಸಾನೇ. ಇದೇ ಬಾಯಲ್ಲೇ ಹೇಳ್ತಾಳೆ. ಯಾರೂ ನಕ್ಕಿದ್ದು ನಾನು ನೋಡಿಲ್ಲ."

ಕೋಬಿಸ್ ಎದ್ದು ಹೋಗಿ ಕೋಣೆಯ ಕದ ಹಾಕಿ ಬಂದ. ಈ ಸಲ ಮೇಜಿನ ಆಚೆ ಕೂರದೆ ಅವಳ ಪಕ್ಕದ ಕುರ್ಚಿ ಎಳೆದುಕೊಂಡ. ಅವನು ಮತ್ತೆ ಬಾಯಿ ತೆರೆದಾಗ ಥೆಕ್ಲಾ ತಟ್ಟನೆ ಅವನ ತುಟಿ ನೋಡಿದಳು, ಯಾರೋ ಪರದೆಯ ಹಿಂದಿನಿಂದ ಮಾತಾಡುತ್ತಿದ್ದಾರೇನೋ ಎಂಬಂತೆ. ಸುತ್ತಿಗೆ, ಮೊಳೆ ಯಾವುದೂ ಇರಲಿಲ್ಲ. ಪ್ರತಿ ಗಟ್ಟಿ ಅಕ್ಷರವೂ ಬೆಣ್ಣೆಯ ಹಾಗೆ ಕರಗಿ ಬರುತ್ತಿತ್ತು. ನೀವು ಹೋಗಿ ನೀನು ಬಂದಿತ್ತು.

"ನಾನು ಪ್ಲಾವೆನ್ನಿನವನು. ನಿಮ್ಮೂರಿಂದ ರೈಲಲ್ಲಿ ಎರಡು ಗಂಟೆ. ನಮ್ಮಪ್ಪ ಕಸೂತಿ ಮಗ್ಗದವನು." ಪ್ಲಾವೆನ್ ಎಂಬುದು ಅವನ ಬಾಯಲ್ಲಿ ಬ್ಲಾವೆನ್ ಆಗಿ ಬಂತು. "ಇಲ್ಲಿಗೆ ಬಂದಾಗ ನಂಗೆ ಹತ್ತೊಂಬತ್ತು. ಮೊದಲ ದಿನ ಆಫೀಸಲ್ಲಿ ಬಾಯಿ ಬಿಟ್ಟೆ, ಗುಮಾಸ್ತರೆಲ್ಲ ಕುರ್ಚಿ ಬಿಟ್ಟು ಎದ್ದು ಬಂದ್ರು ಕೇಳೋಕೆ. ಮೂರು ವರ್ಷ ಬೇಕಾಯ್ತು, ತಾಯಿ, ತೊಳ್ಕೊಳ್ಳೋಕೆ. ನಿನಗೆ ಯಾರೋ ಕಲಿಸೋರಾದ್ರೂ ಇದ್ರು. ನಾನು ಒಬ್ಬನೇ, ಗೋಡೆ ನೋಡ್ಕೊಂಡು. ಅಪ್ಪ ಸತ್ತಾಗ ಊರಿಗೆ ಹೋದೆ. ಚಿಕ್ಕಪ್ಪ ಕೇಳಿದ, ಈ ಬರ್ಲಿನ್ನಿನ ಸಾಹೇಬ್ರು ಯಾರು ಅಂತ."

"ಈಗ ಎಲ್ಲಿಂದ ಬಂತು ಇದು?"

"ಹೋಗೋದಿಲ್ಲ ಅದು. ಕೆಳಗೆ ಇರುತ್ತೆ." ಅವನು ಕರಾರುಪತ್ರವನ್ನು ಅವಳ ಕಡೆ ಸರಿಸಿದ. "ನಾನು ಬಿಸಾಕಿದೆ. ನೀನು ಮಾರು. ಬಿಸಾಕೋದಕ್ಕಿಂತ ಮಾರೋದು ಮೇಲು. ನಮ್ಮ ಸೀಮೆಯವಳು ಅಂತ ಹೇಳ್ತಾ ಇದೀನಿ, ಬೇರೆಯವರಿಗೆ ಹೇಳ್ತಿರ್ಲಿಲ್ಲ."

"ಬೆಳಿಗ್ಗೆ ನೀವು ಒಬ್ಬರೇ ನಗ್ಲಿಲ್ಲ," ಎಂದಳು ಥೆಕ್ಲಾ. "ನಾನು ನೋಡಿದೆ."

"ನಗು ಬರ್ಲಿಲ್ಲ ನಂಗೆ. ನಮ್ಮಮ್ಮ ಮಾತಾಡಿದ ಹಾಗಿತ್ತು."

"ಕದ ತೆಗೆದು, ಇದೇ ಬಾಯಲ್ಲಿ ಅದನ್ನ ರೆಲ್ಲಿನ್‌ಗೆ ಹೇಳಿ. ಫ್ರೊಮ್ಮೆಗೆ ಹೇಳಿ, ಅದು ನಗೋ ದೃಶ್ಯ ಅಲ್ಲ ಅಂತ."

ಕೋಬಿಸ್ ಕದದ ಕಡೆ ನೋಡಿದ. ಆಚೆ ಟೈಪಿಸ್ಟ್ ಹುಡುಗಿ ಯಂತ್ರ ಕುಟ್ಟುತ್ತಿದ್ದಳು. ಅವನು ಕೆಮ್ಮಿದ, ಕೆಮ್ಮು ಮುಗಿದಾಗ ಬಾಯಿಯೊಳಗೆ ಮತ್ತೆ ಬರ್ಲಿನ್ ಬಂದು ಕೂತಿತ್ತು.

"ನಾನು ನಟ ಅಲ್ವಲ್ಲ, ಫ್ರಾಯ್ಲೈನ್ ಥೆಕ್ಲಾ." ಎದ್ದು ಮೇಜಿನ ಆಚೆ ಹೋದ. "ಇನ್ನೊಂದು ಮಾತೂ ಹೇಳ್ಬಿಡ್ತೀನಿ, ಆಮೇಲೆ ಗೊತ್ತಿರ್ಲಿಲ್ಲ ಅನ್ಬೇಡಿ. ನೀವು ಒಪ್ಪದಿದ್ರೆ ಅಂಗಡೀನ ಇನ್ನೊಂದು ವಾರ ಕೀಳ್ಸಲ್ಲ, ಲೀಸೆಲ್ ಪಾತ್ರಕ್ಕೆ ನಾಳೇನೇ ಬೇರೆ ಹುಡುಗಿ ಬರ್ತಾಳೆ. ನಿಮ್ಮನ್ನ ಬೇರೆ ಕಂಪನೀಲಿ ಯಾರು ಕರೀತಾರೆ? ಕಿಟಕಿ ಗಂಡನ ಕಥೆ ಈಗಾಗ್ಲೇ ಊಟದ ಕೋಣೆ ದಾಟಿ ಹೋಗಿರುತ್ತೆ. ನಾಳೆ ಸಂಜೆ ಹೊತ್ತಿಗೆ ಬರ್ಲಿನ್ನಿಗೆಲ್ಲ ಗೊತ್ತು. ನಿಮ್ಮ ಬಾಯಿಗೆ ಇವತ್ತು ಬೆಲೆ ಇದೆ. ಯೋಚ್ನೆ ಮಾಡಿ."

ಅದೆಲ್ಲ ನಿಜ ಎಂದು ಥೆಕ್ಲಾಳಿಗೆ ಗೊತ್ತಿತ್ತು. ವಸಂತದಿಂದ ಈಚೆ ಅವಳನ್ನು ಕರೆದ ಕಂಪನಿ ಇದೊಂದೇ. ಮೂಕಿ ಚಿತ್ರಗಳನ್ನು ಇನ್ನು ಯಾರೂ ತೆಗೆಯುವುದಿಲ್ಲ. ಪಿಟೀಲಿನವನು ಬಾಗಿಲು ಕಾಯುತ್ತಾನೆ; ಅವಳಿಗೆ ಕಾಯಲು ಬಾಗಿಲೂ ಸಿಗದು. ಅವಳು ಕರಾರುಪತ್ರದ ಮೇಲಿದ್ದ ತನ್ನ ಹೆಸರು ಓದಿದಳು. ಪೂರ್ತಿ ಹೆಸರು, ದಪ್ಪ ಅಕ್ಷರದಲ್ಲಿ. ಅದರ ಕೆಳಗೆ ಪಾತ್ರಗಳ ಪಟ್ಟಿ. ಅದರ ಕೆಳಗೆ ಒಂದು ಸಾಲು: ಕಲಾವಿದೆಯು ತನ್ನ ಉಚ್ಚಾರಣೆಯನ್ನು ತಿದ್ದಿಕೊಳ್ಳುವ ಯಾವ ಪ್ರಯತ್ನವನ್ನೂ ಮಾಡಕೂಡದು.

ಕೋಬಿಸ್ ಪೆನ್ನಿನ ಮುಚ್ಚಳ ತೆಗೆದು, ಹಿಡಿ ಅವಳ ಕಡೆ ಬರುವಂತೆ ತಿರುಗಿಸಿ ಚಾಚಿದ.

"ಬೇಡ," ಎಂದಳು ಥೆಕ್ಲಾ.

"ಪೂರ್ತಿ ಓದಿಯಾದ್ರೂ ನೋಡಿ."

"ಬೇಡ."